ಹೊಸ ಫೋನಿನ ಬ್ಯಾಟರಿ ಕಡಿಮೆಯಂತೆ, ಎಲ್ಲರೂ ಬೈಯುತ್ತಿದ್ದಾರೆ. ನಂಬಬೇಕೆ, ಕಾಯಬೇಕೆ?

ಬರಲಿರುವ ಫೋನಿನ ಬ್ಯಾಟರಿ 5000 ಇದ್ದದ್ದು 4855 ಎಂಎಎಚ್‌ಗೆ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಇಳಿದಿದೆಯಂತೆ, ಸುದ್ದಿ ಓದಿದವರೆಲ್ಲ ಕಂಪನಿಯ ಮೇಲೆ ಹರಿಹಾಯುತ್ತಿದ್ದಾರೆ ಎಂದಿದ್ದೀರಿ. ಅವರ ಸಿಟ್ಟಿಗೆ ಕಾರಣ ಬಹುಶಃ ಅಂಕಿಯನ್ನು ತಪ್ಪಾಗಿ ಓದಿದ್ದು.

ಬ್ಯಾಟರಿಗೆ ಎರಡು ಸಾಮರ್ಥ್ಯ ಹೇಳುತ್ತಾರೆ. ತಯಾರಾದ ಪ್ರತಿ ಬ್ಯಾಟರಿಯೂ ಇಷ್ಟಾದರೂ ಕೊಡಲೇಬೇಕು ಎಂಬ ಕನಿಷ್ಠ ಮಟ್ಟ 'ರೇಟೆಡ್'. ಹಲವು ಬ್ಯಾಟರಿಗಳನ್ನು ಅಳೆದು ತೆಗೆದ ಸರಾಸರಿ 'ಟಿಪಿಕಲ್'. ಜಾಹೀರಾತಿನಲ್ಲಿ ಬರುವುದು ಟಿಪಿಕಲ್, ಮಾರಾಟಕ್ಕೆ ಮೊದಲು ಪಡೆಯುವ ಪ್ರಮಾಣೀಕರಣದ ಕಾಗದಗಳಲ್ಲಿ ಸಾಮಾನ್ಯವಾಗಿ ರೇಟೆಡ್. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್23 ಅಲ್ಟ್ರಾದ ಟಿಪಿಕಲ್ 5000, ರೇಟೆಡ್ 4855. ಎರಡೂ ಒಂದೇ ಬ್ಯಾಟರಿ. ನಿಮ್ಮ ಸುದ್ದಿ ಪ್ರಮಾಣಪತ್ರದಿಂದ ಬಂದಿದ್ದರೆ ಬ್ಯಾಟರಿ ಕುಗ್ಗಿಯೇ ಇಲ್ಲ ಎನ್ನುವ ಸಾಧ್ಯತೆಯೇ ಹೆಚ್ಚು.

ಯಾವ ವದಂತಿ ಬಂದರೂ ಅದು ಯಾರ ಕೈಯಿಂದ ಜಾರಿತು, ಅವರ ಕೆಲಸಕ್ಕೆ ಏನೇನು ಗೊತ್ತಿರಬೇಕು ಎಂಬುದನ್ನೇ ನಾನು ಮೊದಲು ನೋಡುತ್ತೇನೆ. ಕವರ್ ತಯಾರಿಸುವವರಿಗೆ ಫೋನಿನ ಉದ್ದ, ಅಗಲ, ದಪ್ಪ, ಕ್ಯಾಮೆರಾ ಮತ್ತು ಬಟನ್‌ಗಳ ಜಾಗ ಬೇಕು. ಹಾಗಾಗಿ ಅವರ ನಕ್ಷೆಯಿಂದ ಮಾಡಿದ ಚಿತ್ರಗಳಲ್ಲಿ ಆಕಾರವನ್ನು ಬಹುಮಟ್ಟಿಗೆ ನಂಬಬಹುದು, ಬಣ್ಣವನ್ನು ನಂಬಬಾರದು. ವೈರ್‌ಲೆಸ್ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ಕಾಗದಗಳಲ್ಲಿ ಫೋನು ಬಳಸುವ ನೆಟ್‌ವರ್ಕ್ ಬ್ಯಾಂಡ್‌ಗಳು (ರೇಡಿಯೊ ತರಂಗಗಳ ಶ್ರೇಣಿಗಳು), ವೈರ್‌ಲೆಸ್ ಚಾರ್ಜಿಂಗ್‌ನ ಪರೀಕ್ಷೆಗಳು ಸಿಗುತ್ತವೆ. ಫೋಟೋಗಳನ್ನು ಮಾತ್ರ ಕಂಪನಿ ಕೇಳಿಕೊಂಡರೆ 180 ದಿನಗಳವರೆಗೆ ಮುಚ್ಚಿಡುತ್ತಾರೆ. ಅಲ್ಲಿ ಫೋಟೋ ಇಲ್ಲವೆಂದು ಸುದ್ದಿಯೇ ಸುಳ್ಳು ಎನ್ನುವುದು ಸರಿಯಲ್ಲ.

ಫೋನಿನ ವೇಗ ಅಳೆಯುವ ಗೀಕ್‌ಬೆಂಚ್ ಆ್ಯಪ್‌ನ ಅಂಕಗಳ ಬಗ್ಗೆ ಎಚ್ಚರವಿರಲಿ. ಅವುಗಳನ್ನು ಯಾರು ಬೇಕಾದರೂ ಅದರ ಜಾಲತಾಣಕ್ಕೆ ಹಾಕಬಹುದು, ರೂಟ್ ಮಾಡಿದ (ಒಳಗಿನ ತಂತ್ರಾಂಶದ ಪೂರ್ಣ ಹಿಡಿತ ಪಡೆದ) ಆಂಡ್ರಾಯ್ಡ್ ಫೋನಿನಲ್ಲಿ ಮಾಡೆಲ್ ಹೆಸರನ್ನೂ ಬದಲಿಸಬಹುದು. ಅಸಲಿ ಮಾದರಿಯೇ ಆಗಿದ್ದರೂ ಪ್ರೊಸೆಸರ್ ಆಗಿನ್ನೂ ಪೂರ್ಣ ವೇಗದಲ್ಲಿ ಓಡದಿರಬಹುದು. ಗೀಕ್‌ಬೆಂಚ್ 5ರ ಅಂಕವನ್ನು 6ರ ಅಂಕದ ಪಕ್ಕದಲ್ಲಿಟ್ಟು ಜಗಳವಾಡುವುದಂತೂ ವ್ಯರ್ಥ, ಎರಡರ ಅಳತೆಗೋಲೇ ಬೇರೆ.

ತುಂಬಾ ಜನ ಎಡವುವುದು ಬಿಡಿಭಾಗಗಳ ಸುದ್ದಿಯಲ್ಲಿ. 2013ರ ನವೆಂಬರ್‌ನಲ್ಲಿ ಸುಲಭವಾಗಿ ಗೀರು ಬೀಳದ ಗಟ್ಟಿ ಹರಳಾದ ಸಫೈರ್ ತಯಾರಿಕೆಗಾಗಿ ಜಿಟಿ ಅಡ್ವಾನ್ಸ್ಡ್ ಟೆಕ್ನಾಲಜೀಸ್ ಎಂಬ ಕಂಪನಿಗೆ ಆ್ಯಪಲ್ ಸುಮಾರು 57.8 ಕೋಟಿ ಡಾಲರ್ ಮುಂಗಡ ಕೊಡುವ ಒಪ್ಪಂದವಾಯಿತು. ಒಪ್ಪಂದ ನಿಜ, ಅರಿಜೋನಾದ ಮೆಸಾದಲ್ಲಿದ್ದ ಕಾರ್ಖಾನೆಯೂ ನಿಜ. ಹಾಗಾದರೆ ಐಫೋನ್ 6ರ ಪರದೆ ಸಫೈರ್‌ನದ್ದೇ ಎಂದು ಓದುಗರು ಲೆಕ್ಕ ಹಾಕಿದರು. 2014ರ ಸೆಪ್ಟೆಂಬರ್‌ನಲ್ಲಿ ಫೋನು ಬಂದದ್ದು ಗಾಜಿನ ಪರದೆಯೊಂದಿಗೆ, ಅಕ್ಟೋಬರ್‌ನಲ್ಲಿ ಜಿಟಿ ದಿವಾಳಿ ಅರ್ಜಿ ಹಾಕಿತು. ಕಾರ್ಖಾನೆ ಕಟ್ಟಿದ್ದು ಗೊತ್ತಾದರೆ ಪ್ರಯತ್ನ ನಡೆದಿದೆ ಎಂದಷ್ಟೇ ಗೊತ್ತಾದಂತೆ. ಫಸಲು ಎಷ್ಟು ಕೈಗೆ ಬರುತ್ತದೆ, ಅಂದರೆ ನೂರಕ್ಕೆ ಎಷ್ಟು ತುಂಡು ಬಳಕೆಗೆ ಯೋಗ್ಯ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ.

ಐಫೋನ್ 15 ಪ್ರೊಗೆ ಒತ್ತಿದರೂ ಅಲುಗದ ಬಟನ್ ಬರುತ್ತದೆ ಎಂಬ ಸುದ್ದಿಯದೂ ಇದೇ ಕತೆ. 2022ರ ಅಕ್ಟೋಬರ್‌ನಲ್ಲಿ ಅದನ್ನು ಹೇಳಿದ ವಿಶ್ಲೇಷಕ ಮಿಂಗ್‌ಚಿ ಕುವೊ ಅವರೇ 2023ರ ಏಪ್ರಿಲ್‌ನಲ್ಲಿ ತಾಂತ್ರಿಕ ತೊಡಕಿನಿಂದ ಕೈಬಿಟ್ಟಿದ್ದಾರೆ ಎಂದರು. ಕೊನೆಗೆ ಬಂದದ್ದು ಮಾಮೂಲಿ ಬಟನ್. ಇದನ್ನು ಸುಳ್ಳು ವದಂತಿ ಎನ್ನಲಾರೆ. ಮಾದರಿಗಳನ್ನು ಪರೀಕ್ಷಿಸುವ ಹಂತದಲ್ಲಿ ಇಂಥವು ಬಿದ್ದುಹೋಗುತ್ತಲೇ ಇರುತ್ತವೆ.

ಪೇಟೆಂಟ್ ಆಧಾರದ ಸುದ್ದಿಯನ್ನು ಕೊಳ್ಳುವ ಲೆಕ್ಕಕ್ಕೆ ಹಿಡಿಯಬೇಡಿ. ಬೆಲೆಯ ವದಂತಿಯನ್ನೂ ಅಷ್ಟೇ, ಅದನ್ನು ಕೊನೆಯ ವಾರಗಳವರೆಗೂ ಬದಲಿಸಲು ಬರುತ್ತದೆ. ಕಂಪನಿಯೇ ವೇದಿಕೆಯ ಮೇಲೆ ಘೋಷಿಸಿದ್ದೂ ಬರದೇ ಹೋಗಬಹುದು: ಆ್ಯಪಲ್ 2017ರ ಸೆಪ್ಟೆಂಬರ್‌ನಲ್ಲಿ ತೋರಿಸಿದ ಏರ್‌ಪವರ್ ಚಾರ್ಜರನ್ನು 2019ರ ಮಾರ್ಚ್‌ನಲ್ಲಿ ರದ್ದು ಮಾಡಿತು.

ಇನ್ನು ನಿಮ್ಮ ನಿರ್ಧಾರ. ಬಿಡುಗಡೆ ಎರಡು ತಿಂಗಳೊಳಗಿದ್ದರೆ ಕಾಯಿರಿ. ಹೊಸದು ಹಿಡಿಸದಿದ್ದರೂ ಹಳೆಯದರ ಬೆಲೆ ಸಾಮಾನ್ಯವಾಗಿ ಇಳಿದಿರುತ್ತದೆ. ಆರು ತಿಂಗಳಿಗಿಂತ ದೂರವಿದ್ದು ಈಗಿನ ಫೋನು ಕೈಕೊಡುತ್ತಿದ್ದರೆ ಇಂದೇ ಕೊಳ್ಳಿ. ಬ್ಯಾಟರಿಯೇ ಮುಖ್ಯ ಎನ್ನುವುದಾದರೆ, ಪರದೆಯ ಬೆಳಕನ್ನು ಸಮನಾಗಿಟ್ಟು ಹೊಸದನ್ನೂ ಹಳೆಯದನ್ನೂ ಹೋಲಿಸಿದ ಪರೀಕ್ಷೆ ಬರುವವರೆಗೆ ತಡೆಯಿರಿ. ಪರದೆ, ಪ್ರೊಸೆಸರ್, ಮೋಡೆಮ್ ಬದಲಾದರೆ ಅಷ್ಟೇ ಎಂಎಎಚ್‌ನ ಬ್ಯಾಟರಿ ಹೆಚ್ಚು ಹೊತ್ತೂ ಬರಬಹುದು, ಬೇಗ ಖಾಲಿಯೂ ಆಗಬಹುದು.