ಊಟದ ರೀತಿ ರಿವಾಜು: ನೀವು ಕೇಳಿದ್ದು, ನಾವು ಹೇಳುವುದು

ಪ್ರಶ್ನೆ: ಮಗನ ಆಫೀಸಿನ ಇಬ್ಬರು ಜರ್ಮನ್ನರು ನಮ್ಮನೆ ಉಪನಯನಕ್ಕೆ ಬರುತ್ತಾರಂತೆ. ಪಂಕ್ತಿಯಲ್ಲೇ ಕೂರಿಸಬೇಕೋ, ಬೇರೆ ಮೇಜು ಹಾಕಿ ಫೋರ್ಕು ಕೊಡಬೇಕೋ? ಮನೆಯಲ್ಲಿ ಇದೇ ಚರ್ಚೆ. (ಶಿರಸಿಯ ಓದುಗರು)

ಉತ್ತರ: ಪಂಕ್ತಿಯಲ್ಲೇ ಕೂರಿಸಿ. ಬೇರೆ ಮೇಜು ಹಾಕಿದರೆ ಅವರಿಗೂ ಮುಜುಗರ, ಬಡಿಸುವವರಿಗೂ ಎರಡು ಕಡೆ ಓಡಾಟ. ಆದರೆ ಅಭ್ಯಾಸವಿಲ್ಲದವರಿಗೆ ಅರ್ಧ ಗಂಟೆ ಚಕ್ಕಳಮಕ್ಕಳ ಹಾಕಿ ಕೂರುವುದು ಮಂಡಿಗೆ ಕಷ್ಟ. ಟೇಬಲ್ ಊಟ ಇದ್ದರೆ ಸರಿ, ಇಲ್ಲದಿದ್ದರೆ ಗೋಡೆಗೆ ಒರಗುವಂತೆ ಮಣೆ ಹಾಕಿ.

ಫೋರ್ಕು ಮಾತ್ರ ಬೇಡ. ಬಾಳೆಎಲೆ ಅಡ್ಡ ನರಗಳ ಗುಂಟ ಸೀಳುತ್ತದೆ. ಫೋರ್ಕಿನ ಹಲ್ಲು ಒಮ್ಮೆ ತಾಗಿದರೆ ಸಾರೆಲ್ಲ ನೆಲಕ್ಕೆ. ಚಮಚ ಕೊಡಿ, ಎಲೆಯನ್ನು ಅಗಲವಾದ ಸ್ಟೀಲ್ ತಾಟಿನೊಳಗೆ ಹಾಸಿ. ಅಪ್ಪೆಹುಳಿ ಲೋಟಕ್ಕೆ, ಪಾಯಸ ಬಟ್ಟಲಿಗೆ ಹಾಕಿದರೆ ಇನ್ನೂ ನಿಶ್ಚಿಂತೆ.

ಕೈಯಲ್ಲೇ ಉಣ್ಣುತ್ತೇವೆ ಎಂದು ಹಟ ಹಿಡಿದರೆ (ಹೆಚ್ಚಿನವರು ಹಿಡಿಯುತ್ತಾರೆ) ಮಗನನ್ನು ಪಕ್ಕದಲ್ಲೇ ಕೂರಿಸಿ. ಅನ್ನದ ನಡುವೆ ಗುಳಿ ಮಾಡಿ, ತಮ್ಮ ಕಡೆ ಅನ್ನದ್ದೇ ಕಟ್ಟೆ ಕಟ್ಟಿ, ಆಮೇಲೆ ತಂಬುಳಿ ಹಾಕಿಸಿಕೊಳ್ಳಲಿ. ಕಟ್ಟೆ ಇಲ್ಲದಿದ್ದರೆ ಅದು ಸೀದಾ ತೊಡೆಗೆ ಬರುತ್ತದೆ. ಬೆರಳ ತುದಿಯಲ್ಲಿ ಕಲಸಿ, ನಾಲ್ಕು ಬೆರಳ ಮೇಲೆ ತುತ್ತು ಇಟ್ಟು, ಹೆಬ್ಬೆರಳಿನಿಂದ ಬಾಯಿಗೆ ನೂಕಬೇಕು. ಹೊಸಬರು ಹೆಬ್ಬೆರಳು ಬಳಸುವುದೇ ಇಲ್ಲ, ಇಡೀ ಕೈಯನ್ನೇ ಬಾಯಿಗೆ ಒಯ್ಯುತ್ತಾರೆ. ಅನ್ನ ಚೆಲ್ಲುವುದು ಅದಕ್ಕೇ. ಎಡಗೈ ನೀರಿನ ಲೋಟಕ್ಕೆ ಮಾತ್ರ.

ಎಲ್ಲರೂ ಶುರು ಮಾಡುವವರೆಗೆ ಕಾಯುವುದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ. ಜರ್ಮನಿಯಲ್ಲೂ 'ಗುಟೆನ್ ಅಪೆಟೀಟ್' ಎಂದು ಹೇಳಿಕೊಂಡ ಮೇಲೆಯೇ ಊಟ ಶುರು. ತೊಂದರೆಯಾಗುವುದು ಬೇರೆ ಕಡೆ. ತಟ್ಟೆಗೆ ಬಂದದ್ದನ್ನು ಮುಗಿಸುವುದು ಅವರ ಮರ್ಯಾದೆ. ಖಾಲಿ ಎಲೆ ಕಂಡರೆ ಮತ್ತೆ ಬಡಿಸುವುದು ನಮ್ಮ ಮರ್ಯಾದೆ. ಇವೆರಡೂ ಎದುರಾದರೆ ಹುಳಿ ಬರುವಷ್ಟರಲ್ಲಿ ಅವರ ಹೊಟ್ಟೆ ಬಿರಿದಿರುತ್ತದೆ, ಹೋಳಿಗೆಯ ಮುಖ ನೋಡಲೂ ಆಗುವುದಿಲ್ಲ. ತಂಬುಳಿ, ಸಾರು, ಹುಳಿ, ಸಿಹಿ, ಕೊನೆಗೆ ಮಜ್ಜಿಗೆ ಅನ್ನ ಎಂದು ಮೊದಲೇ ತಿಳಿಸಿ. ಪ್ರತಿ ಸಲ ಒಂದು ಹಿಡಿ ಅನ್ನ ಸಾಕು. ಬೇಡವೆಂದಾಗ ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ಪಂಕ್ತಿಯ ನಡುವೆ ಏಳಬಾರದು ಎನ್ನುವುದನ್ನೂ ಹೇಳಿಡಿ. ಎಲೆ ಮಡಚುವ ರೂಢಿ ಮನೆಯಿಂದ ಮನೆಗೆ ಬೇರೆ, ಪಕ್ಕದವರನ್ನು ನೋಡಿ ಮಾಡಲಿ.

ಪ್ರಶ್ನೆ: ತಮ್ಮ ಹಡಗಿನ ಕೆಲಸಕ್ಕೆ ಸೇರುತ್ತಿದ್ದಾನೆ. ಮೀನು ಬಿಟ್ಟು ಊಟ ಗೊತ್ತಿಲ್ಲ, ಆದರೆ ಚಾಕು ಫೋರ್ಕಿನಲ್ಲಿ ಇಡೀ ಬಂಗಡೆ ತಿನ್ನುವುದು ಹೇಗೆ? ಮುಳ್ಳು ಬಾಯಿಗೆ ಬಂದರೆ? (ಕಾರವಾರದ ಓದುಗರು)

ಉತ್ತರ: ಮೀನು ತಿಂದು ಬೆಳೆದವನಿಗೆ ಮುಳ್ಳು ಎಲ್ಲಿದೆ ಎಂಬುದು ಗೊತ್ತಿರುತ್ತದೆ, ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಎಡಗೈ ಫೋರ್ಕಿನಿಂದ ಮೀನನ್ನು ಹಗುರಾಗಿ ಒತ್ತಿ ಹಿಡಿಯಬೇಕು. ಕಿವಿರಿನ ಹಿಂದೆ ನಡುಮುಳ್ಳು ತಾಗುವವರೆಗೆ ಒಂದು ಗೀರು, ಆಮೇಲೆ ಮೈಯ ನಡುಗೆರೆಯಲ್ಲೇ ತಲೆಯಿಂದ ಬಾಲದವರೆಗೆ ಇನ್ನೊಂದು. ಬೆನ್ನಿನ ಕಡೆಯ ಮಾಂಸವನ್ನು ಮೇಲಕ್ಕೆ, ಹೊಟ್ಟೆಯ ಕಡೆಯದನ್ನು ಕೆಳಕ್ಕೆ ಸರಿಸಿದರೆ ನಡುಮುಳ್ಳು ಬಯಲಾಗುತ್ತದೆ. ಮೇಲಿನ ಭಾಗ ತಿಂದಾದ ಮೇಲೆ ಬಾಲದ ಕಡೆಯಿಂದ ಮುಳ್ಳಿನ ಅಡಿಗೆ ಚಾಕು ತೂರಿಸಿ ನಿಧಾನ ಎತ್ತಿದರೆ ತಲೆಯ ಸಮೇತ ಬರುತ್ತದೆ. ತಟ್ಟೆಯ ಅಂಚಿಗೆ ಇಡಲಿ. ಮೀನನ್ನು ಮಗುಚಬಾರದು. ಮಗುಚಿದರೆ ಸಣ್ಣ ಮುಳ್ಳುಗಳು ಮುರಿದು ಮಾಂಸದಲ್ಲೇ ಉಳಿಯುತ್ತವೆ.

ಮೀನಿನ ಚಾಕು ಮೊಂಡಾಗಿರುವುದು ನೋಡಿ ಗಾಬರಿ ಬೇಡ. ಅದು ಕತ್ತರಿಸುವುದಕ್ಕಲ್ಲ, ಬಿಡಿಸುವುದಕ್ಕೆ. ಪೆನ್ನಿನ ಹಾಗೆ ಹಿಡಿಯುವುದು. ಇಸ್ವಣದ ತುಂಡಾದರೆ ಇಷ್ಟು ಕಷ್ಟವೇ ಇಲ್ಲ, ನಡುವಿನ ಗುಂಡು ಮುಳ್ಳಿನ ಸುತ್ತ ಬಿಡಿಸಿದರಾಯಿತು. ಬಾಯಿಗೆ ಬಂದ ಮುಳ್ಳನ್ನು ತುಟಿಗೆ ತಂದು, ಎರಡು ಬೆರಳಲ್ಲಿ ತೆಗೆದು ತಟ್ಟೆಯ ಅಂಚಿಗೆ ಇಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ಉಗಿಯಬಾರದು ಅಷ್ಟೆ.

ಉಳಿದದ್ದು ಸುಲಭ: ಹೊರಗಿನ ಜೋಡಿಯಿಂದ ಶುರು ಮಾಡಿ ಒಳಗೆ ಬರಬೇಕು. ಬ್ರೆಡ್ಡಿನ ತಟ್ಟೆ ಎಡಕ್ಕಿರುವುದು ತನ್ನದು, ಬಲದ್ದು ಪಕ್ಕದವರದು. ನಡುವೆ ಕೈ ಬಿಡುವಾಗ ಚಾಕು ಫೋರ್ಕನ್ನು ತಟ್ಟೆಯ ಮೇಲೆ ಅಗಲಿಸಿ ಇಡಬೇಕು. ಮುಗಿದ ಮೇಲೆ ಎರಡನ್ನೂ ಒತ್ತಾಗಿ, ಒಂದೇ ದಿಕ್ಕಿಗೆ. ಮೇಲೆ ಹೇಳಿದ ಅಡ್ಡಗೈ ಇದ್ದಂತೆ ಇದೂ ಬಡಿಸುವವನಿಗೆ ಸನ್ನೆ. ಗೊತ್ತಿಲ್ಲದೆ ಒತ್ತಾಗಿಟ್ಟು ಮಾತಿಗೆ ಕೂತರೆ ಅರ್ಧ ತಿಂದ ತಟ್ಟೆ ಎತ್ತಿಕೊಂಡು ಹೋಗುತ್ತಾರೆ.

ಅಂದ ಹಾಗೆ, ಫೋರ್ಕು ಇಂಗ್ಲಿಷರಿಗೂ ಹುಟ್ಟಿನಿಂದ ಬಂದದ್ದಲ್ಲ. ಇಟಲಿಯಲ್ಲಿ ಜನ ಫೋರ್ಕಿನಿಂದ ತಿನ್ನುವುದನ್ನು ಥಾಮಸ್ ಕೊರ್ಯಾಟ್ ಎಂಬ ಇಂಗ್ಲಿಷ್ ಪ್ರವಾಸಿ 1611ರಲ್ಲಿ ವಿಶೇಷ ಸಂಗತಿಯೆಂದು ಬರೆದಿದ್ದ. ಆಮೇಲೆ ಭಾರತಕ್ಕೂ ಬಂದ ಆತ 1617ರಲ್ಲಿ ಸೂರತ್ತಿನಲ್ಲಿ ತೀರಿಕೊಂಡ.

ಪ್ರಶ್ನೆ: ಮಗಳಿಗೆ ಜಪಾನಿನಲ್ಲಿ ಕೆಲಸ. ಕಡ್ಡಿಯಲ್ಲಿ ತಿನ್ನಲು ಮೊದಲೇ ಕಲಿಯಬೇಕಂತೆ. (ಕುಮಟಾದ ಓದುಗರು)

ಉತ್ತರ: ಕೆಳಗಿನ ಕಡ್ಡಿ ಹೆಬ್ಬೆರಳ ಬುಡದಲ್ಲಿ ಸಿಕ್ಕಿಕೊಂಡು ಉಂಗುರ ಬೆರಳ ಮೇಲೆ ಕೂತಿರಬೇಕು, ಅಲುಗಬಾರದು. ಮೇಲಿನದನ್ನು ಪೆನ್ನಿನಂತೆ ಹಿಡಿದು ತೋರುಬೆರಳು, ನಡುಬೆರಳಿನಿಂದ ಆಡಿಸುವುದು. ಎರಡನ್ನೂ ಆಡಿಸಲು ಹೋದರೆ ತುದಿಗಳು ಕತ್ತರಿಯಂತೆ ದಾಟಿಕೊಂಡು ಏನೂ ಸಿಗುವುದಿಲ್ಲ. ಬೇಯಿಸಿದ ಬೀನ್ಸ್ ತುಂಡಿನಿಂದ ಶುರು ಮಾಡಿ, ಗೋಡಂಬಿಗೆ ಬಂದು, ಶೇಂಗಾ ಕೊನೆಗೆ.

ಎರಡು ತಪ್ಪು ಮಾತ್ರ ಆಗಲೇಬಾರದು. ಅನ್ನದಲ್ಲಿ ಕಡ್ಡಿ ನೆಟ್ಟಗೆ ಚುಚ್ಚಿಡುವುದು ಅಲ್ಲಿ ಸತ್ತವರಿಗೆ ಇಡುವ ಅನ್ನದ ರೀತಿ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸು ದಾಟಿಸುವುದೂ ಹಾಗೆಯೇ. ದಹನದ ನಂತರ ಮೂಳೆ ಆರಿಸುವಾಗ ಮಾಡುವ ಕ್ರಿಯೆ ಅದು. ಅನ್ನದ ಬಟ್ಟಲನ್ನು ಕೈಯಲ್ಲಿ ಎತ್ತಿ ಹಿಡಿದು ಉಣ್ಣುವುದು ಜಪಾನಿನಲ್ಲಿ ಸರಿ. ಕೊರಿಯಾಕ್ಕೆ ಹೋದರೆ ಎತ್ತಬಾರದು, ಅಲ್ಲಿ ಅನ್ನಕ್ಕೂ ಸೂಪಿಗೂ ಚಮಚವೇ. ನೂಡಲ್ಸನ್ನು ಸೊರ್ ಎಂದು ಎಳೆದರೆ ಜಪಾನಿನಲ್ಲಿ ತಪ್ಪಿಲ್ಲ.

ಪ್ರಶ್ನೆ: ಒಮಾನಿನಲ್ಲಿ ಒಂದೇ ದೊಡ್ಡ ತಾಟಿನಲ್ಲಿ ಐದಾರು ಜನ ಉಣ್ಣುತ್ತಾರಂತೆ, ಎಂಜಲಾಗುವುದಿಲ್ಲವೇ? (ಹೊನ್ನಾವರದ ಓದುಗರು)

ಉತ್ತರ: ತನ್ನ ಎದುರಿನ ಭಾಗದಿಂದ ಮಾತ್ರ, ಬಲಗೈಯಲ್ಲಿ ಉಣ್ಣುವುದು ಅಲ್ಲಿಯ ನಿಯಮ. ನಡುವಿನ ಮಾಂಸವನ್ನು ಮನೆಯವರೇ ಮುರಿದು ಅತಿಥಿಯ ಕಡೆಗೆ ಇಡುತ್ತಾರೆ, ಕೈ ಚಾಚಬೇಡಿ.

ಪ್ರಶ್ನೆ: ನಾನು ಎಡಚ. ಹೋಟೆಲ್ ಮೇಜಿನಲ್ಲಿ ಚಾಕು ಫೋರ್ಕು ಅದಲುಬದಲು ಮಾಡಬಹುದೇ? (ಅಂಕೋಲಾದ ಓದುಗರು)

ಉತ್ತರ: ತಿನ್ನುವಾಗ ಕೈ ಬದಲಿಸಿಕೊಳ್ಳಿ, ಜೋಡಿಸಿಟ್ಟದ್ದನ್ನು ಮಾತ್ರ ಅಲುಗಿಸಬೇಡಿ. ಸಾಧ್ಯವಾದರೆ ಸಾಲಿನ ಎಡ ತುದಿಯ ಕುರ್ಚಿ ಹಿಡಿಯಿರಿ, ಪಕ್ಕದವರ ಬಲ ಮೊಣಕೈಗೆ ನಿಮ್ಮ ಎಡ ಮೊಣಕೈ ತಾಗುವುದಿಲ್ಲ.