ನಮ್ಮ ಸಿನಿಮಾ ವಿಮರ್ಶಕರ ಮೇಲೆ ಸಿಟ್ಟಾದ ಹಾಸನದ ಓದುಗರಿಗೆ

ನಮಸ್ಕಾರ. ನಿಮ್ಮ ಪತ್ರ ಬಂತು. ‘ಕಾಂತಾರ ಚಾಪ್ಟರ್ 1’ ಬಗ್ಗೆ ನಮ್ಮ ವಿಮರ್ಶಕರು ಬರೆದದ್ದು ನಿಮಗೆ ಬೇಸರ ತಂದಿದೆ. ಇಡೀ ದೇಶ ನೋಡಿದ ಕನ್ನಡ ಸಿನಿಮಾದಲ್ಲಿ ಹುಳುಕು ಹುಡುಕುವವರು ‘ಸು ಫ್ರಮ್ ಸೋ’ ಅನ್ನುವ ಸಣ್ಣ ಸಿನಿಮಾ ಬಂದಾಗ ಮಾತ್ರ ಬಾಯ್ತುಂಬ ಹೊಗಳಿದರು, ದೊಡ್ಡ ಸಿನಿಮಾ ಅಂದ್ರೆ ಇವರಿಗೆ ಆಗಲ್ಲ ಎಂದು ಬರೆದಿದ್ದೀರಿ. ಕೋಟಿಗಟ್ಟಲೆ ಗಳಿಸಿದ ಸಿನಿಮಾವನ್ನು ಒಬ್ಬರು ಕೂತು ಸರಿಯಿಲ್ಲ ಅನ್ನೋದು ಹೇಗೆ ಎಂದು ಕೇಳಿದ್ದೀರಿ. ಮೊದಲ ವಾರ ವಿಮರ್ಶೆ ಹಾಕಲೇಬೇಡಿ ಅಂತಲೂ ಹೇಳಿದ್ದೀರಿ.

ನಿಮ್ಮ ಸಿಟ್ಟಿನ ಹಿಂದೆ ಕನ್ನಡ ಸಿನಿಮಾದ ಮೇಲಿನ ಪ್ರೀತಿ ಇದೆ. ಅದಕ್ಕೇ ಎರಡು ಸಾಲಲ್ಲಿ ಮುಗಿಸದೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಆ ವಿಮರ್ಶೆಯಲ್ಲಿ ಏನಿತ್ತು ಅಂತ ನೋಡೋಣ. ಅರವಿಂದ್ ಕಶ್ಯಪ್ ಕ್ಯಾಮೆರಾ ಕೆಲಸವನ್ನು ಅವರು ಮನಸಾರೆ ಮೆಚ್ಚಿದ್ದರು. ರಥ ಹತೋಟಿ ತಪ್ಪಿ ಓಡುವ ದೃಶ್ಯದ ಬಗ್ಗೆ ಒಂದಿಡೀ ಪ್ಯಾರಾ ಇತ್ತು. ರುಕ್ಮಿಣಿ ವಸಂತ್ ಅವರ ರಾಜಕುಮಾರಿ ಪಾತ್ರ ಕೊನೆಗೆ ತೆಗೆದುಕೊಳ್ಳುವ ತಿರುವು ಗಟ್ಟಿಯಾಗಿದೆ ಎಂದಿದ್ದರು. ತಕರಾರು ಇದ್ದದ್ದು ಎರಡೇ. ಮೊದಲರ್ಧದ ತಮಾಷೆ ಆ ಕಾಲಕ್ಕೂ ಕಥೆಗೂ ಕೂಡಿಬಂದಿಲ್ಲ, ಮತ್ತು ಕ್ಲೈಮ್ಯಾಕ್ಸ್ ಹೊಡೆದಾಟ ಎಳೆದಂತಾಗಿ ದೈವ ಮೈಮೇಲೆ ಬರುವ ಕ್ಷಣದ ತೂಕ ಕಡಿಮೆಯಾಗಿದೆ.

ಈ ಎರಡನೇ ಮಾತು ನನಗೂ ಸರಿ ಅನ್ನಿಸುತ್ತದೆ. 2022ರ ‘ಕಾಂತಾರ’ದ ಕೊನೆಯ ಹತ್ತಿಪ್ಪತ್ತು ನಿಮಿಷ ನೆನಪು ಮಾಡಿಕೊಳ್ಳಿ. ನಾಯಕ ಶಿವನ ಮೇಲೆ ಗುಳಿಗ ದೈವ ಬರುತ್ತದೆ, ಆ ಕೂಗಿಗೆ ಥಿಯೇಟರ್‌ನಲ್ಲಿ ಮೈ ಜುಂ ಎನ್ನುತ್ತದೆ. ಆಮೇಲೆ ಎಲ್ಲ ಗಲಾಟೆ ಮುಗಿದು, ದೈವ ಊರಿನವರನ್ನೂ ಫಾರೆಸ್ಟ್ ಆಫೀಸರ್ ಮುರಳಿಯನ್ನೂ ಹತ್ತಿರ ಕರೆದು ಅವರ ಕೈಗಳನ್ನು ಒಂದುಗೂಡಿಸುತ್ತದೆ. ಅಲ್ಲಿ ಒಂದು ಮಾತಿಲ್ಲ. ಕಾಡು ಯಾರದ್ದು, ಜಮೀನು ಯಾರದ್ದು ಅಂತ ಅಷ್ಟು ಹೊತ್ತು ನಡೆದ ಜಗಳಕ್ಕೆ ಉತ್ತರ ಆ ಕೈಗಳಲ್ಲೇ ಸಿಕ್ಕಿಬಿಡುತ್ತದೆ. ಹೊಸ ಸಿನಿಮಾದಲ್ಲಿ ಸೈನ್ಯ, ಗ್ರಾಫಿಕ್ಸ್, ಶಬ್ದ ಎಲ್ಲವೂ ಜಾಸ್ತಿ ಇವೆ. ಆದರೆ ಅಂಥದ್ದೊಂದು ನಿಲುಗಡೆ ಇಲ್ಲ. ಇದನ್ನು ಹೇಳಲು ಹಳೆಯ ಸಿನಿಮಾವನ್ನು ಪ್ರೀತಿಯಿಂದ ನೋಡಿರಬೇಕು. ನಮ್ಮ ವಿಮರ್ಶಕರು ಹಾಗೆ ನೋಡಿದ್ದಾರೆ.

ಅಂದಹಾಗೆ, ಆಗಲೂ ಅವರು ಬರೀ ಹೊಗಳಿರಲಿಲ್ಲ. ಶಿವ ನಾಯಕಿ ಲೀಲಾಳ ಸೊಂಟ ಚಿವುಟುವುದನ್ನು ಪ್ರೀತಿ ಅಂತ ತೋರಿಸಿದ್ದು ತಪ್ಪು ಎಂದು ಬರೆದಿದ್ದರು. ‘ಸು ಫ್ರಮ್ ಸೋ’ಗೂ ಅದೇ ಅಳತೆ ಇಟ್ಟಿದ್ದಾರೆ. ಜೆ.ಪಿ. ತುಮಿನಾಡ್ ಅವರ ಆ ಸಿನಿಮಾ ಊರಿನ ಜನರನ್ನು ಇದ್ದ ಹಾಗೇ ತೋರಿಸುತ್ತದೆ. ಅಲ್ಲಿ ರವಿಯಣ್ಣನಂಥ ಒಬ್ಬ ಪ್ರತಿ ಊರಲ್ಲೂ ಇರುತ್ತಾನೆ, ಸಾವಿರಲಿ ಮದುವೆಯಿರಲಿ ಮುಂದೆ ನಿಂತಿರುತ್ತಾನೆ. ಶನೀಲ್ ಗೌತಮ್ ಅವನನ್ನು ನಟಿಸಿದ ರೀತಿಗೆ ಎಷ್ಟು ಹೊಗಳಿದರೂ ಸಾಲದು. ಆದರೆ ಅಶೋಕ ಅನ್ನುವ ಹುಡುಗ ಬಚ್ಚಲಿನ ಕಿಟಕಿಯಲ್ಲಿ ಇಣುಕಿದ್ದನ್ನು ಕಥೆ ನಗುವಿನಲ್ಲೇ ತೇಲಿಸಿಬಿಟ್ಟಿತು, ಹೆಣ್ಣುಮಗಳ ಸಂಕಟದ ಕಥೆ ಮುಂದೆ ಬರುವ ಸಿನಿಮಾದಲ್ಲಿ ಇದು ಒಪ್ಪುವುದಿಲ್ಲ ಎಂದು ಅವರು ಬರೆದಿದ್ದರು. ಆ ಸಂಚಿಕೆ ನಿಮ್ಮ ಹತ್ತಿರ ಇದ್ದರೆ ಕೊನೆಯ ಪ್ಯಾರಾ ಒಮ್ಮೆ ಓದಿ. ಸಣ್ಣ ಸಿನಿಮಾ ಅಂತ ಬಿಟ್ಟುಕೊಟ್ಟಿಲ್ಲ, ಅಲ್ವಾ?

ಇನ್ನು ಕಲೆಕ್ಷನ್ ವಿಷಯ. ಅದು ಸಂತೋಷದ ಸುದ್ದಿ, ನಾವೂ ಪ್ರಕಟಿಸಿದ್ದೇವೆ. ಆದರೆ ಹಣವೇ ಅಳತೆಯಾದರೆ ಸುಮಂತ್ ಭಟ್ ಅವರ ‘ಮಿಥ್ಯ’ವನ್ನು ಎಲ್ಲಿಡೋಣ? ಅಪ್ಪ ಅಮ್ಮನನ್ನು ಕಳೆದುಕೊಂಡು ಮುಂಬೈಯಿಂದ ಉಡುಪಿಗೆ ಬರುವ ಹುಡುಗನ ಕಥೆ ಅದು. 2025ರ ಮಾರ್ಚ್‌ನಲ್ಲಿ ಬಂತು, ಥಿಯೇಟರ್‌ಗೆ ಹೋಗಿ ನೋಡಿದವರು ಕಡಿಮೆ. ಆ ಹುಡುಗನ ಮೌನವನ್ನು ಅಷ್ಟು ತಾಳ್ಮೆಯಿಂದ ತೋರಿಸಿದ ಕನ್ನಡ ಸಿನಿಮಾ ಈಚೆಗೆ ನಾನು ನೋಡಿಲ್ಲ. ಅದರ ಬಗ್ಗೆ ಬರೆಯದಿದ್ದರೆ ನಾವು ಪತ್ರಿಕೆ ನಡೆಸಿ ಏನು ಬಂತು?

ಮೊದಲ ವಾರ ವಿಮರ್ಶೆ ಬೇಡ ಅನ್ನುವ ಮಾತನ್ನು ನಾನು ಒಪ್ಪುವುದೇ ಇಲ್ಲ. ತಮಿಳು ನಿರ್ಮಾಪಕರು ಮೊದಲ ಮೂರು ದಿನ ವಿಮರ್ಶೆ ತಡೆಯಿರಿ ಎಂದು 2024ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್‌ಗೆ ಹೋಗಿದ್ದರು. ಕೋರ್ಟ್ ಹಾಗೆ ಸಾರಾಸಗಟಾಗಿ ತಡೆಯಲು ಒಪ್ಪಲಿಲ್ಲ. ದುಡ್ಡು ತೆಗೆದುಕೊಂಡು ಬೈಯುವವರು, ದುಡ್ಡು ತೆಗೆದುಕೊಂಡು ಹೊಗಳುವವರು ಇಬ್ಬರೂ ಇದ್ದಾರೆ, ಆ ನೋವು ನಿಜ. ಆದರೆ ‘ಸು ಫ್ರಮ್ ಸೋ’ವನ್ನು ಗೆಲ್ಲಿಸಿದ್ದು ಯಾರು? ಬಿಡುಗಡೆಗೆ ಮೊದಲೇ ಪ್ರೀಮಿಯರ್ ಶೋಗಳಲ್ಲಿ ನೋಡಿದವರು ಬಾಯಿಂದ ಬಾಯಿಗೆ ಹೇಳಿದರು, ಶೋಗಳು ಹೆಚ್ಚಾದವು. ಸ್ಟಾರ್ ಇಲ್ಲದ ಸಿನಿಮಾಕ್ಕೆ ಮೊದಲ ಮೂರು ದಿನದ ಮಾತೇ ಜೀವ. ಬಾಯಿ ಮುಚ್ಚಿಸಿದರೆ ಮೊದಲು ಸಾಯುವುದು ಅಂಥ ಸಿನಿಮಾಗಳೇ.

ಪ್ರೇಕ್ಷಕರ ಜೇಬನ್ನೂ ನೋಡಬೇಕು. ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಆದೇಶ ಮಾಡಿತು, ಅದೇ ತಿಂಗಳು ಕರ್ನಾಟಕ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಕ್ಟೋಬರ್ 2ಕ್ಕೆ ‘ಚಾಪ್ಟರ್ 1’ ಬಂತು. ಮಲ್ಟಿಪ್ಲೆಕ್ಸ್‌ಗೆ ನಾಲ್ಕು ಜನ ಹೋಗಿ ಬರುವ ಮನೆಗೆ ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿ ಎಷ್ಟಾಗುತ್ತದೆ ಅಂತ ನಿಮಗೆ ಗೊತ್ತು. ಅಷ್ಟು ಖರ್ಚು ಮಾಡುವ ಮುಂಚೆ ನಂಬಿಕೆ ಇರುವ ಒಬ್ಬರ ಮಾತು ಕೇಳಬೇಕು ಅಂತ ಜನ ಬಯಸುತ್ತಾರೆ. ಕನ್ನಡದ್ದು ಅನ್ನುವ ಒಂದೇ ಕಾರಣಕ್ಕೆ ನಾವು ಸುಮ್ನೆ ಹೊಗಳಿದರೆ, ಮುಂದಿನ ಸಲ ನಿಜವಾಗಿ ಒಳ್ಳೆಯದು ಬಂದಾಗ ನಮ್ಮ ಮಾತನ್ನು ಯಾರು ನಂಬುತ್ತಾರೆ ಹೇಳಿ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದದ್ದು ಕ್ಲೈಮ್ಯಾಕ್ಸ್ ಬಗ್ಗೆ ನೀವು ಬರೆದ ನಾಲ್ಕು ಸಾಲು. ಪಕ್ಕದ ಸೀಟಿನಲ್ಲಿದ್ದ ನಿಮ್ಮ ತಾಯಿ ಕೈಮುಗಿದು ಕೂತಿದ್ದರು, ಅದು ಉದ್ದ ಅಂತ ಅವರಿಗೆ ಒಮ್ಮೆಯೂ ಅನ್ನಿಸಲಿಲ್ಲ ಎಂದಿದ್ದೀರಿ. ಅದನ್ನೇ ಇನ್ನಷ್ಟು ವಿವರವಾಗಿ, ಯಾವ ದೃಶ್ಯ ಯಾಕೆ ಹಿಡಿಸಿತು ಅಂತ ಬರೆದು ಕಳಿಸಿ. ಬರುವ ಸಂಚಿಕೆಯಲ್ಲಿ ನಮ್ಮ ವಿಮರ್ಶಕರ ಪುಟದಲ್ಲೇ, ಅವರ ಬರಹದ ಪಕ್ಕದಲ್ಲೇ ಹಾಕುತ್ತೇವೆ. ಅವರಿಗೂ ಹೇಳಿದ್ದೇನೆ, ಖುಷಿಯಿಂದ ಒಪ್ಪಿದ್ದಾರೆ.

ಸಂಪಾದಕ