ಮಗಳು ರಾತ್ರಿ ಊಟ ಬಿಟ್ಟಿದ್ದಾಳೆ, ಮಗನಿಗೆ ಪ್ರೋಟೀನ್ ಡಬ್ಬಿ ಬೇಕಂತೆ. ಇವರ ಹತ್ತಿರ ಹೇಗೆ ಮಾತಾಡೋದು?

ನಿಮ್ಮ ಪ್ರಶ್ನೆ ಓದಿದ ಮೇಲೆ ಸುಮ್ನೆ ಮುಂದಕ್ಕೆ ಹೋಗಲು ಮನಸ್ಸಾಗಲಿಲ್ಲ. ಮಗಳಿಗೆ 14, ಮಗನಿಗೆ 17 ಅಂತ ಬರೆದಿದ್ದೀರಿ. ಅವಳು ಮೂರು ವಾರದಿಂದ ರಾತ್ರಿ ಊಟ ಮಾಡುತ್ತಿಲ್ಲ, ದಪ್ಪ ಆಗಿದ್ದೀನಿ ಅಂತ ಕನ್ನಡಿ ಮುಂದೆ ಅಳುತ್ತಾಳೆ. ಅವನು ಜಿಮ್ ಸೇರಿದ್ದಾನೆ, ಪ್ರೋಟೀನ್ ಡಬ್ಬಿ ಬೇಕೇ ಬೇಕು ಅಂತ ಹಟ. ಬೈದರೆ ಇಬ್ಬರೂ ರೂಮಿನ ಬಾಗಿಲು ಹಾಕಿಕೊಳ್ಳುತ್ತಾರೆ. ಮಗಳನ್ನು ಯೋಗ ಕ್ಲಾಸಿಗೆ ಸೇರಿಸಲಾ ಅಂತಲೂ ಕೇಳಿದ್ದೀರಿ.

ನಾನು ಬಸವನಗುಡಿ ಕಡೆಯ ಒಂದು ಹೈಸ್ಕೂಲಿನಲ್ಲಿ 19 ವರ್ಷದಿಂದ ಪಿ.ಟಿ. ಟೀಚರ್. ಡಾಕ್ಟರ್ ಅಲ್ಲ. ಆದರೆ ನನ್ನ ದಿನವೆಲ್ಲ ಈ ವಯಸ್ಸಿನ ಮಕ್ಕಳ ಜೊತೆಗೇ ಕಳೆಯುತ್ತೆ. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಮಗಳ ಆರೋಗ್ಯ ನೋಡಿ. ತಲೆಸುತ್ತು ಬರುತ್ತಿದೆಯಾ? ಮುಟ್ಟು ನಿಂತಿದೆಯಾ? ಕೂದಲು ಜಾಸ್ತಿ ಉದುರುತ್ತಿದೆಯಾ? ಉಂಡ ತಕ್ಷಣ ಬಾತ್‌ರೂಮಿಗೆ ಹೋಗಿ ವಾಂತಿ ಮಾಡುತ್ತಿದ್ದಾಳಾ? ಇದರಲ್ಲಿ ಒಂದಿದ್ದರೂ ಮಾತುಕತೆ ಆಮೇಲೆ, ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಊಟ ಬಿಡುವುದು ಕೆಲವು ಮಕ್ಕಳಲ್ಲಿ ಹಟವಾಗಿ ಶುರುವಾಗಿ ಕಾಯಿಲೆಯಾಗಿ ಕೂತುಬಿಡುತ್ತೆ. ಆಗ ತಿನ್ನಬೇಕು ಅಂದರೂ ಅವರ ಕೈಲಿ ಆಗುವುದಿಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಅಂತಲೇ ವಿಭಾಗ ಇದೆ. ನೇರವಾಗಿ ಹೋಗಲು ಹಿಂಜರಿಕೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಮಾತಿನ ವಿಷಯ. ಮಕ್ಕಳಿಗೆ ಏನು ಹೇಳಬೇಕು ಅಂತ ಕೇಳಿದ್ದೀರಿ. ಅದಕ್ಕಿಂತ ಮೊದಲು, ಅವರ ಕಿವಿಗೆ ಬೀಳುವ ಹಾಗೆ ನಾವು ದೊಡ್ಡವರು ಏನೇನು ಮಾತಾಡುತ್ತಿದ್ದೇವೆ ಅಂತ ನೋಡಬೇಕು.

ಕೆಲವು ವರ್ಷದ ಹಿಂದೆ ನಮ್ಮ ಖೋ-ಖೋ ತಂಡದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. ತುಂಬಾ ಚುರುಕು. ಕಂಬ ಹಿಡಿದು ಡೈವ್ ಹೊಡೆದಳು ಅಂದರೆ ಎದುರಿನವರು ಔಟ್. ಒಂದು ಸಂಜೆ ಪ್ರಾಕ್ಟೀಸ್ ಮಧ್ಯೆ ಆ ಕಂಬವನ್ನೇ ತಬ್ಬಿಕೊಂಡು ಕುಸಿದು ಕೂತಳು. "ಕಣ್ಣು ಕತ್ತಲೆ ಬಂತು ಮಿಸ್" ಅಂದಳು. ನೀರು ಕುಡಿಸಿ, ಬ್ಯಾಗಿನಿಂದ ಊಟದ ಡಬ್ಬಿ ತೆಗೆಸಿದೆ. ಎರಡು ಚಪಾತಿ ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಪಕ್ಕದಲ್ಲಿದ್ದ ಬೀನ್ಸ್ ಪಲ್ಯ ನೀರು ಬಿಟ್ಟುಕೊಂಡಿತ್ತು. ಹತ್ತು ದಿನದಿಂದ ಆ ಊಟವನ್ನು ಮನೆಗೆ ಹೋಗುವ ದಾರಿಯಲ್ಲಿ ಬೀದಿನಾಯಿಗೆ ಹಾಕುತ್ತಿದ್ದಳಂತೆ. ಯಾಕಮ್ಮಾ ಅಂದೆ. ಬಹಳ ಹೊತ್ತು ಬಾಯಿ ಬಿಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು. ಯಾರದೋ ಗೃಹಪ್ರವೇಶದಲ್ಲಿ ಊಟಕ್ಕೆ ಕೂತಿದ್ದಾಗ ಅವಳ ಸೋದರತ್ತೆ ಎಲ್ಲರ ಮುಂದೆ, "ಏನೇ ಇದು, ಹಿಂಗೆ ಊದ್ಕೊಂಡಿದೀಯ? ಇವಳಿಗೆ ಹೋಳಿಗೆ ಸಾಕು ಬಿಡಿ" ಅಂದರಂತೆ. ಪಂಕ್ತಿಯಲ್ಲಿ ಎಲ್ಲರೂ ನಕ್ಕರಂತೆ. "ಅಮ್ಮನೂ ನಕ್ಕರು ಮಿಸ್."

ಆ ಅಮ್ಮ ಕೆಟ್ಟವರೇನಲ್ಲ. ಮಾರನೇ ದಿನ ಸ್ಕೂಲಿಗೆ ಬಂದು ನನ್ನ ಎದುರು ಕೂತು ಅತ್ತರು. ಅಲ್ಲಿ ನಗದಿದ್ದರೆ ನಾದಿನಿಗೆ ಬೇಜಾರಾಗುತ್ತೆ ಅಂತ ನಕ್ಕಿದ್ದೆ ಅಂದರು.

ಇಂಥದ್ದೇ ತಪ್ಪು ನನ್ನಿಂದಲೂ ಆಗಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೆಲ್ತ್ ಕಾರ್ಡ್ ತುಂಬಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕ ನೋಡುತ್ತಿದ್ದೆ. ಬರೆದುಕೊಳ್ಳುವವರಿಗೆ ಕೇಳಲಿ ಅಂತ ಜೋರಾಗಿ ಕೂಗುತ್ತಿದ್ದೆ. 38, 44, 61. 61 ಅಂದ ತಕ್ಷಣ ಸಾಲಿನಲ್ಲಿ ಗುಸುಗುಸು. ಆ ಮಗು ತಲೆ ತಗ್ಗಿಸಿ ಮಿಷನ್ನಿಂದ ಇಳಿದು ಹೋದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಈಗ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತೇನೆ. ತೂಕ ಎಷ್ಟು ಅಂತ ಬಾಯಲ್ಲಿ ಹೇಳುವುದೇ ಇಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ಒಂದು ವಾರ ನಿಮ್ಮ ಮನೆಯ ಮಾತಿಗೆ ಕಿವಿಗೊಡಿ. "ಈ ಬ್ಲೌಸ್ ಹಿಡಿಸ್ತಿಲ್ಲ, ನಾಳೆಯಿಂದ ಅನ್ನ ಬಿಟ್ಟೆ" ಅಂತ ನೀವೇ ಅನ್ನುತ್ತಿರಬಹುದು. ಮಗನನ್ನು ಯಾರಾದರೂ ನರಪೇತಲ ಅಂತ ಕರೆಯುತ್ತಿರಬಹುದು. ಸಣ್ಣಗಾದವರನ್ನು ನೋಡಿ "ಎಷ್ಟು ಚೆನ್ನಾಗಾಗಿದ್ದಾಳೆ" ಅಂತ ಹೊಗಳುವುದೂ ಅದೇ ಲೆಕ್ಕ. ಇದನ್ನೆಲ್ಲ ನಿಲ್ಲಿಸಿ. ನೆಂಟರು ಶುರು ಮಾಡಿದರೆ ಅಲ್ಲೇ, ಮಗಳ ಎದುರಿಗೇ, "ಅವಳ ಮೈ ವಿಷಯ ಬೇಡ, ಬೇರೆ ಏನಾದರೂ ಮಾತಾಡೋಣ" ಅಂದುಬಿಡಿ. ಮನೆಗೆ ಬಂದ ಮೇಲೆ ಸಮಾಧಾನ ಮಾಡಿದರೆ ಸಾಲದು. ಆಗಲೇ ಅಮ್ಮ ನನ್ನ ಪರ ನಿಂತಳು ಅನ್ನುವುದು ಅವಳಿಗೆ ಗೊತ್ತಾಗಬೇಕು.

ಮೈ ಯಾಕೆ ಬದಲಾಗುತ್ತೆ ಅಂತಲೂ ಅವಳಿಗೆ ಯಾರಾದರೂ ಹೇಳಬೇಕಲ್ವಾ? ದೊಡ್ಡವಳಾಗುವ ವಯಸ್ಸಿನಲ್ಲಿ ಹುಡುಗಿಯರಿಗೆ ಸೊಂಟ, ತೊಡೆ ತುಂಬಿಕೊಳ್ಳಲೇಬೇಕು. ಕೆಲವರು ಮೊದಲು ಸ್ವಲ್ಪ ದಪ್ಪಗಾಗಿ ಆಮೇಲೆ ಉದ್ದವಾಗುತ್ತಾರೆ. ದೊಡ್ಡವರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕವನ್ನು ಹಾಗೇ ಮಕ್ಕಳಿಗೆ ಹಾಕಬಾರದು. ವಯಸ್ಸಿನ ಪ್ರಕಾರ ಬೆಳವಣಿಗೆಯ ಚಾರ್ಟ್ ನೋಡಿ ಡಾಕ್ಟರ್ ಹೇಳಬೇಕು. ಮೊಬೈಲಿನಲ್ಲಿ ಲೆಕ್ಕ ಹಾಕಿ "ನಾನು ಓವರ್‌ವೇಟ್" ಅಂತ ಅಳುತ್ತಾ ಬಂದ ಮಕ್ಕಳನ್ನು ಎಷ್ಟೋ ಸಲ ನೋಡಿದ್ದೇನೆ.

ಮೊಬೈಲ್ ಅಂದೆನಲ್ಲ, ನಾನು ಎಂಟನೇ ಕ್ಲಾಸಿನವರಿಗೆ ಮಾಡಿಸುವ ಒಂದು ಆಟ ಇದೆ. ಮನೆಯಲ್ಲಿ ನೀವೂ ಮಾಡಿ. ಹೊಂಗೆ ಮರದ ಕೆಳಗೆ ಒಬ್ಬರನ್ನು ನಿಲ್ಲಿಸುತ್ತೇನೆ. ಭುಜ ಇಳಿಬಿಟ್ಟು, ಹೊಟ್ಟೆ ಸಡಿಲ ಬಿಟ್ಟು ನಿಂತಾಗ ಒಂದು ಫೋಟೋ. ಆಮೇಲೆ ಬಿಸಿಲು ಪಕ್ಕದಿಂದ ಬೀಳುವ ಹಾಗೆ ತಿರುಗಿಸಿ, ಎದೆ ಎತ್ತಿ, ಉಸಿರು ಹಿಡಿದು ಇನ್ನೊಂದು. ಮಧ್ಯೆ ಐದು ನಿಮಿಷವೂ ಆಗಿರುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ರೀಲ್ಸ್‌ನಲ್ಲಿ ಬರುವ "ಮೂರು ತಿಂಗಳಲ್ಲಿ ನೋಡಿ" ಫೋಟೋ ಥರಾನೇ ಇರುತ್ತೆ. ಇನ್ನೊಂದು, ಸೆಲ್ಫಿಯನ್ನು ಮುಖದ ಹತ್ತಿರ ಹಿಡಿದು ತೆಗೆಯಿರಿ, ಮೂಗು ದೊಡ್ಡದಾಗುತ್ತೆ. ಐದಾರು ಅಡಿ ದೂರದಿಂದ ಬೇರೆಯವರು ತೆಗೆದರೆ ಇದ್ದ ಹಾಗೆ ಬರುತ್ತೆ. ಒಂದು ಹುಡುಗಿ ಇದನ್ನು ನೋಡಿ, "ಹಂಗಾದ್ರೆ ನನ್ನ ಮೂಗು ಸರಿಯಾಗೇ ಇದೆಯಾ ಮಿಸ್?" ಅಂತ ಕೇಳಿದಳು. ಎಷ್ಟು ದಿನದಿಂದ ಒಳಗೇ ಕೊರಗುತ್ತಿದ್ದಳೋ ಏನೋ.

ಮಗನ ವಿಷಯಕ್ಕೆ ಬರೋಣ. ಜಿಮ್ ಬೇಡ ಅನ್ನಬೇಡಿ. ತಿಳಿದವರು ಪಕ್ಕದಲ್ಲಿದ್ದು ಹೇಳಿಕೊಟ್ಟರೆ ಈ ವಯಸ್ಸಿನಲ್ಲಿ ಭಾರ ಎತ್ತಬಹುದು, ಅದರಿಂದ ಎತ್ತರ ನಿಲ್ಲುವುದಿಲ್ಲ. ಡಬ್ಬಿ ಬಗ್ಗೆ ಜಗಳ ಆಡುವ ಬದಲು ಜೊತೆಯಲ್ಲಿ ಕೂತು ಲೆಕ್ಕ ಹಾಕಿ. ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಪ್ರಕಾರ 16ರಿಂದ 18 ವರ್ಷದ ಹುಡುಗರಿಗೆ ದಿನಕ್ಕೆ ಸುಮಾರು 55 ಗ್ರಾಂ ಪ್ರೋಟೀನ್ ಬೇಕು. ಎರಡು ಮೊಟ್ಟೆಯಲ್ಲಿ 12, ಅರ್ಧ ಲೀಟರ್ ಹಾಲಿನಲ್ಲಿ 15ರ ಮೇಲೆ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ಉಳಿದದ್ದು ಮುದ್ದೆ, ಹುಳಿ, ಹೆಸರುಕಾಳು ಉಸಲಿ, ಮೊಸರು, ಚಪಾತಿಯಲ್ಲೇ ಬಂದುಬಿಡುತ್ತೆ. ಮೊಟ್ಟೆ ತಿನ್ನದ ಮನೆಯಾದರೆ ಕಾಳು, ಪನೀರ್ ಜಾಸ್ತಿ ಮಾಡಿ. ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತ 2024ರ ಐಸಿಎಂಆರ್ ಆಹಾರ ಮಾರ್ಗಸೂಚಿಯಲ್ಲೇ ಇದೆ. ಅವನೇ ಓದಲಿ, ಕೊಡಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಬೇಗ ಬಾಡಿ ಬರುತ್ತೆ ಅಂತ ಯಾರಾದರೂ ಮಾತ್ರೆ, ಇಂಜೆಕ್ಷನ್ ಕೊಡಲು ಬಂದರೆ ಆ ಜಾಗಕ್ಕೇ ಹೋಗುವುದು ಬೇಡ. ಸ್ಟೆರಾಯ್ಡ್ ಬೆಳೆಯುವ ಹುಡುಗರ ಮೂಳೆಯ ಬೆಳವಣಿಗೆಯನ್ನೇ ಬೇಗ ನಿಲ್ಲಿಸಿಬಿಡಬಹುದು. ಇದನ್ನು ಹೆದರಿಸುವ ಧಾಟಿಯಲ್ಲಿ ಹೇಳಬೇಡಿ. ಯಾರಾದರೂ ಕೊಟ್ಟರೆ ಮೊದಲು ನನಗೆ ಹೇಳು, ಬೈಯಲ್ಲ ಅಂತ ಹೇಳಿ. ಆಮೇಲೆ ನಿಜವಾಗಲೂ ಬೈಯಬೇಡಿ.

ಊಟದ ಬಗ್ಗೆ ಜಾಸ್ತಿ ಉಪದೇಶ ಬೇಡ. ರಾತ್ರಿ ಎಲ್ಲರೂ ಒಟ್ಟಿಗೆ ಕೂತು, ಫೋನ್ ಬೇರೆ ಕಡೆ ಇಟ್ಟು ಊಟ ಮಾಡಿ. ಅವಳು ಅರ್ಧ ಮುದ್ದೆ ತಿಂದರೂ ಸರಿ, "ಅಷ್ಟೇನಾ?" ಅನ್ನಬೇಡಿ. ಮುದ್ದೆ ತಿಂದರೆ ದಪ್ಪ ಆಗ್ತೀನಿ ಅಂದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೂಳೆ ಗಟ್ಟಿಯಾಗುವ ವಯಸ್ಸು ಇದೇ ಅಂತ ಹೇಳಿ ಬಿಟ್ಟುಬಿಡಿ. ಹಬ್ಬದಲ್ಲಿ ಹೋಳಿಗೆ ತಿಂದದ್ದಕ್ಕೆ ಮಾರನೇ ದಿನ ನಾಲ್ಕು ರೌಂಡ್ ಓಡು ಅಂತ ಮಾತ್ರ ಯಾವತ್ತೂ ಹೇಳಬೇಡಿ. ನಾನು ಗ್ರೌಂಡಿನಲ್ಲಿ ಓಟವನ್ನು ಶಿಕ್ಷೆಯಾಗಿ ಕೊಡುವುದನ್ನು ನಿಲ್ಲಿಸಿ ಬಹಳ ವರ್ಷವಾಯಿತು. ಶಿಕ್ಷೆ ಅಂತ ಓಡಿದ ಮಗು ಸ್ಕೂಲ್ ಮುಗಿದ ಮೇಲೆ ಓಡುವುದೇ ಇಲ್ಲ.

ಕೊನೆಗೆ ಯೋಗ ಕ್ಲಾಸು. ಫೀಸು ಕಟ್ಟುವ ಮೊದಲು ಅವಳನ್ನೇ ಕೇಳಿ. ದಿನಕ್ಕೆ ಒಂದು ಗಂಟೆ ಮೈ ಬೆವರುವ ಹಾಗೆ ಆಡಿದರೆ ಈ ವಯಸ್ಸಿಗೆ ಸಾಕು, ಅದು ಶಟಲ್ ಆಗಲಿ, ಡಾನ್ಸ್ ಆಗಲಿ, ಸೈಕಲ್ ಆಗಲಿ. ಏನೂ ಬೇಡ ಅಂದರೆ ಒಂದು ದಿನ ಸುಮ್ನೆ ಕಂಠೀರವ ಸ್ಟೇಡಿಯಂಗೆ, ಜೂನಿಯರ್ ಅಥ್ಲೆಟಿಕ್ಸ್ ಇರುವಾಗ, ಕರೆದುಕೊಂಡು ಹೋಗಿ. ಗುಂಡು ಎಸೆಯುವ ಹುಡುಗಿಯ ಭುಜ ನೋಡಲಿ, 3000 ಮೀಟರ್ ಓಡುವವಳ ಕಡ್ಡಿಯಂಥ ಕಾಲು ನೋಡಲಿ, ಹೈಜಂಪ್ ಹುಡುಗಿಯ ಉದ್ದ ನೋಡಲಿ. ಒಬ್ಬಳ ಮೈ ಇನ್ನೊಬ್ಬಳ ಥರ ಇರುವುದಿಲ್ಲ. ನೀವು ಏನೂ ವಿವರಿಸಬೇಡಿ, ಪಕ್ಕದಲ್ಲಿ ಕೂತು ಕಡಲೆಕಾಯಿ ತಿನ್ನಿ. ಅವಳೂ ಕೈ ಹಾಕಬಹುದು. ಯೋಗವೇ ಬೇಕು ಅಂದರೆ ಖಂಡಿತ ಸೇರಿಸಿ, ಆದರೆ ತೂಕ ಇಳಿಯುತ್ತೆ ಅಂತ ಹೇಳಿ ಸೇರಿಸಬೇಡಿ.